ಸರಸ್ವತಿ ಮಾರ್ಗದ ಮೂರನೇ ಮಹಡಿ

ಪೇಟೆಂಟ್ ಕಚೇರಿ ಶಾಖೆ, ಮೂರನೇ ಮಹಡಿ, ಮುನಿಸಿಪಲ್ ಮಾರ್ಕೆಟ್ ಕಟ್ಟಡ, ಸರಸ್ವತಿ ಮಾರ್ಗ, ಕರೋಲ್ ಬಾಗ್, ನವದೆಹಲಿ 110005. ಕಳೆದ ಶತಮಾನದ ಕೊನೆಯ ದಶಕಗಳ ಭಾರತ ಗೆಜೆಟ್‌ನ ಮೂರನೇ ಭಾಗವನ್ನು ತಿರುವಿ ಹಾಕಿದರೆ ಈ ವಿಳಾಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದೆಹಲಿ, ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶ, ಹಿಮಾಚಲ, ಜಮ್ಮು-ಕಾಶ್ಮೀರದವರು ಹೊಸದೇನನ್ನಾದರೂ ಕಂಡುಹಿಡಿದು ಅದಕ್ಕೆ ಹಕ್ಕು ಬೇಕೆಂದರೆ ಅರ್ಜಿ ಹಾಕಬೇಕಿದ್ದದ್ದು ಇಲ್ಲಿಗೆ. ಸುತ್ತ ಗಫಾರ್ ಮಾರ್ಕೆಟ್ಟಿನ ಎಲೆಕ್ಟ್ರಾನಿಕ್ಸ್ ಗದ್ದಲ, ಬ್ಯಾಂಕ್ ಸ್ಟ್ರೀಟಿನ ಚಿನ್ನದಂಗಡಿಗಳು, ಅಜ್ಮಲ್ ಖಾನ್ ರಸ್ತೆಯ ಬಟ್ಟೆ ವ್ಯಾಪಾರ. ನಡುವೆ ಈ ಕಡತಗಳ ಕಚೇರಿ.

ಕನ್ನಡಿಗರಿಗೂ ಈ ವಿಳಾಸದ ನಂಟಿತ್ತು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ, ದೆಹಲಿಯ ರಫಿ ಮಾರ್ಗದಲ್ಲಿ ಮುಖ್ಯ ಕಚೇರಿ ಇರುವ ಸಿಎಸ್‌ಐಆರ್‌ನ ಕೂಸು. ಅಲ್ಲಿನ ವಿಜ್ಞಾನಿಗಳು ಏನು ಕಂಡುಹಿಡಿದರೂ ಪೇಟೆಂಟ್ ಅರ್ಜಿ ಹೋಗುತ್ತಿದ್ದದ್ದು ಸಿಎಸ್‌ಐಆರ್ ಹೆಸರಿನಲ್ಲಿ. ಅರ್ಜಿದಾರರ ವಿಳಾಸ ದೆಹಲಿಯದಾದ್ದರಿಂದ ಮೈಸೂರಿನ ಬುದ್ಧಿಯ ಫಲ ಕರೋಲ್ ಬಾಗಿನ ಕಡತ ಸೇರುತ್ತಿತ್ತು. ಆಮೇಲೆ ಕಚೇರಿ ಪಕ್ಕದ ವೆಸ್ಟ್ ಪಟೇಲ್ ನಗರಕ್ಕೆ, ಅಲ್ಲಿಂದ ದ್ವಾರಕೆಯ ಬೌದ್ಧಿಕ ಸಂಪದಾ ಭವನಕ್ಕೆ ಹೋಯಿತು. ಕರೋಲ್ ಬಾಗಿನ ಅಂಗಡಿ ಸಾಲಿನಲ್ಲಿ ಈಗ ಅದರ ನೆನಪಿರುವವರು ಕಡಿಮೆ. ಆದರೆ ಜೀವಿಯನ್ನು, ಗಿಡದ ಬೇರಿನ ಸಾರವನ್ನು, ಹಣ ದಾಟಿಸುವ ಉಪಾಯವನ್ನು ಒಬ್ಬರ ಸ್ವತ್ತು ಮಾಡಬಹುದೇ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಪೇಟೆಂಟ್ ಎಂದರೆ ಒಂದು ಒಪ್ಪಂದ. ಕಂಡುಹಿಡಿದವರು ತಮ್ಮ ಗುಟ್ಟನ್ನು ಇನ್ನೊಬ್ಬ ತಜ್ಞ ಓದಿ ಮಾಡಿ ನೋಡುವಷ್ಟು ವಿವರವಾಗಿ ಬರೆದುಕೊಡಬೇಕು. ಬದಲಿಗೆ ಸರ್ಕಾರ 20 ವರ್ಷ ಅದನ್ನು ಬೇರೆಯವರು ಮಾಡದಂತೆ, ಮಾರದಂತೆ ತಡೆಯುವ ಹಕ್ಕು ಕೊಡುತ್ತದೆ. ಅವಧಿ ಮುಗಿದ ಮೇಲೆ ಅದು ಎಲ್ಲರದು. ಅರ್ಜಿಯ ಕೊನೆಯಲ್ಲಿ ‘ಕ್ಲೇಮು’ಗಳೆಂಬ ಕೆಲವು ವಾಕ್ಯಗಳಿರುತ್ತವೆ. ಸೈಟಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಇದ್ದ ಹಾಗೆ ಇವು: ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಇವೇ. ಕಂಡುಹಿಡಿದದ್ದು ಹೊಸದಾಗಿರಬೇಕು, ಆ ವಿಷಯ ಬಲ್ಲವರಿಗೆ ತಟ್ಟನೆ ಹೊಳೆಯುವಂಥದ್ದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರಬೇಕು. ಈ ಮೂರನ್ನೂ ದಾಟಿದವರನ್ನು ಭಾರತದ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಬಾಗಿಲಲ್ಲೇ ನಿಲ್ಲಿಸಿ ಮತ್ತೊಮ್ಮೆ ವಿಚಾರಿಸುತ್ತದೆ. ಯಾವುದು ‘ಆವಿಷ್ಕಾರವೇ ಅಲ್ಲ’ ಎಂಬ ಪಟ್ಟಿ ಅದರಲ್ಲಿದೆ. ಬಯೋಟೆಕ್ ಮತ್ತು ಬ್ಯಾಂಕಿಂಗ್ ಎರಡರ ಹಣೆಬರಹವೂ ಬಹುಪಾಲು ಈ ಪಟ್ಟಿಯಲ್ಲೇ ಇದೆ.

ಕರೋಲ್ ಬಾಗಿನಲ್ಲಿ ಪೇಟೆಂಟ್ ಕಚೇರಿಗಿಂತ ಹಳೆಯದೊಂದು ಸಂಸ್ಥೆ ಈಗಲೂ ನಡೆಯುತ್ತಿದೆ: ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜು. ಹಕೀಮ್ ಅಜ್ಮಲ್ ಖಾನರ ಕನಸಿನ ಈ ಕಾಲೇಜಿಗೆ 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅಡಿಗಲ್ಲು ಇಟ್ಟರು. 1921ರ ಫೆಬ್ರುವರಿಯಲ್ಲಿ ಗಾಂಧೀಜಿ ಉದ್ಘಾಟಿಸಿದರು. ನಾಟಿ ವೈದ್ಯದ ಗಿಡಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಕಣ್ಣಿನಿಂದ ನೋಡಬೇಕೆಂಬುದು ಅಜ್ಮಲ್ ಖಾನರ ಹಂಬಲ. ಅದಕ್ಕಾಗಿ ಅವರು ಕರೆಸಿಕೊಂಡದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಡಾಕ್ಟರೇಟ್ ಮುಗಿಸಿದ್ದ ತರುಣ ಸಲೀಮುಜ್ಜಮಾನ್ ಸಿದ್ದೀಕಿ ಅವರನ್ನು. 1927ರ ಡಿಸೆಂಬರಿನಲ್ಲಿ ಅಜ್ಮಲ್ ಖಾನ್ ತೀರಿಕೊಂಡರು. ಸಿದ್ದೀಕಿ ಕೆಲಸ ಬಿಡಲಿಲ್ಲ.

ಅವರು ಕೈಗೆತ್ತಿಕೊಂಡ ಬೇರು ಸರ್ಪಗಂಧದ್ದು. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಪುಟ್ಟ ಗಿಡವನ್ನು ಹುಚ್ಚಿಗೆ, ನಿದ್ರೆ ಬಾರದವರಿಗೆ, ಹಾವು ಕಚ್ಚಿದವರಿಗೆ ಕೊಡುವುದು ಹಳ್ಳಿಯ ಪಂಡಿತರಿಗೆ ಹೊಸದೇನಲ್ಲ. ಬೇರಿನೊಳಗೆ ಕೆಲಸ ಮಾಡುವುದು ಯಾವುದು ಎಂಬುದು ಮಾತ್ರ ಗೊತ್ತಿರಲಿಲ್ಲ. ಗಿಡಗಳಲ್ಲಿ ಇರುವ ಆಲ್ಕಲಾಯ್ಡ್ ಎಂಬ ಪದಾರ್ಥಗಳಿಗೆ ಒಂದು ಗುಣವಿದೆ: ಆಮ್ಲದಲ್ಲಿ ಕರಗುತ್ತವೆ, ಕ್ಷಾರ ಬೆರೆಸಿದರೆ ಬೇರ್ಪಟ್ಟು ಕೆಳಗಿಳಿಯುತ್ತವೆ. ಈ ಗುಣವನ್ನೇ ಹಿಡಿದು, ಮತ್ತೆ ಮತ್ತೆ ಸೋಸಿ, ಹರಳುಗಟ್ಟಿಸಿ, 1931ರಲ್ಲಿ ಅವರೂ ಸಹೋದ್ಯೋಗಿ ರಫತ್ ಹುಸೇನ್ ಸಿದ್ದೀಕಿಯವರೂ ಸರ್ಪಗಂಧದ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಒಂದಕ್ಕೆ ಇಟ್ಟ ಹೆಸರು ಅಜ್ಮಲೀನ್. ತೀರಿಹೋದ ಹಕೀಮರ ಹೆಸರು ಹೀಗೆ ಜಗತ್ತಿನ ಔಷಧಕೋಶ ಸೇರಿತು. ಹೃದಯದ ಬಡಿತದಲ್ಲಿ ಅಡಗಿರುವ ಬ್ರುಗಾಡಾ ಸಿಂಡ್ರೋಮ್ ಎಂಬ ಅಪಾಯಕಾರಿ ದೋಷವನ್ನು ಪತ್ತೆ ಹಚ್ಚಲು ಯುರೋಪಿನ ಆಸ್ಪತ್ರೆಗಳಲ್ಲಿ ವೈದ್ಯರು ಇವತ್ತಿಗೂ ಅಜ್ಮಲೀನ್ ಕೊಟ್ಟು ಇಸಿಜಿ ನೋಡುತ್ತಾರೆ.

ಕರೋಲ್ ಬಾಗಿನ ಈ ಸಂಶೋಧನೆ ಪ್ರಕಟವಾದದ್ದು ಭಾರತೀಯ ರಾಸಾಯನಿಕ ಸಂಘದ ಪತ್ರಿಕೆಯಲ್ಲಿ. ಪ್ರಕಟವಾದ ಮೇಲೆ ಅದು ಲೋಕದ ತಿಳಿವಳಿಕೆ. ಮುಂದೆ ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಸರ್ಪಗಂಧ ರಕ್ತದೊತ್ತಡ ಇಳಿಸುವುದನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1952ರಲ್ಲಿ ಅದೇ ಬೇರಿನಿಂದ ರಿಸರ್ಪಿನ್ ತೆಗೆದು ಸರ್ಪಾಸಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೇರು ಇಲ್ಲಿಯದು, ಮೊದಲ ರಸಾಯನಶಾಸ್ತ್ರ ಇಲ್ಲಿಯದು, ಮೊದಲ ದೊಡ್ಡ ವ್ಯಾಪಾರ ಅಲ್ಲಿಯದು.

ಇಂದಿನ ಭಾರತದ ಕಾನೂನಿನಲ್ಲಿ ಅಜ್ಮಲೀನಿಗೆ ಪೇಟೆಂಟ್ ಸಿಗುತ್ತಿತ್ತೇ? ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡದ್ದು ಆವಿಷ್ಕಾರವಲ್ಲ ಎನ್ನುತ್ತದೆ 3(ಸಿ). ಆದ್ದರಿಂದ ಆ ಪದಾರ್ಥಕ್ಕೆ ಸಿಗುವುದಿಲ್ಲ. ಅದನ್ನು ಹೊರತೆಗೆಯುವ ಹೊಸ ವಿಧಾನಕ್ಕೆ ಸಿಗಬಹುದು. ಈ ಗೆರೆ ತೆಳುವಾಗಿದೆ, ಆದರೆ ಸರಿಯಾದ ಜಾಗದಲ್ಲೇ ಇದೆ. ಬೇರು ಕಾಡಿನದು, ಬೇರನ್ನು ಸೋಸುವ ಜಾಣ್ಮೆ ಮನುಷ್ಯನದು.

ಅದೇ ಸಿದ್ದೀಕಿಯವರು ಬೇವಿನೆಣ್ಣೆಯ ಕಹಿಯ ಬೆನ್ನು ಹತ್ತಿ ನಿಂಬಿನ್ ಸೇರಿದಂತೆ ಮೂರು ಪದಾರ್ಥಗಳನ್ನು ಬೇರ್ಪಡಿಸಿ, 1942ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ ವರದಿ ಮಾಡಿದರು. ಐದು ದಶಕ ಕಳೆಯುವಷ್ಟರಲ್ಲಿ ಬೇವು ಕೋರ್ಟು ಕಚೇರಿ ಹತ್ತಿತು, ಈ ಸಲ ಕಥೆ ತುಮಕೂರಿಗೂ ಬಂತು. ಬೇವಿನ ಬೀಜದ ಅಜಾಡಿರಾಕ್ಟಿನ್ ಬೇಗ ಕೆಡದಂತೆ ಇಡುವ ವಿಧಾನಕ್ಕೆ ಅಮೆರಿಕದಲ್ಲಿ ಹಕ್ಕು ಪಡೆದಿದ್ದ ಡಬ್ಲ್ಯು.ಆರ್. ಗ್ರೇಸ್ ಕಂಪನಿ, ಪಿ.ಜೆ. ಮಾರ್ಗೊ ಸಂಸ್ಥೆಯ ಜೊತೆ ಸೇರಿ ತುಮಕೂರಿನಲ್ಲಿ ದಿನಕ್ಕೆ 20 ಟನ್ ಬೇವಿನ ಬೀಜ ಅರೆಯಬಲ್ಲ ಘಟಕ ನಡೆಸಿತು. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಗ್ರೇಸ್‌ಗೂ ಅಮೆರಿಕದ ಕೃಷಿ ಇಲಾಖೆಗೂ ಬೇವಿನೆಣ್ಣೆಯಿಂದ ಬೆಳೆಗಳ ಶಿಲೀಂಧ್ರ ರೋಗ ತಡೆಯುವ ವಿಧಾನದ ಮೇಲೆ ಹಕ್ಕು ಕೊಟ್ಟಿತು. ಬೇವಿನ ಎಲೆ ಹಾಕಿ ರಾಗಿ, ಕಾಳು ಕಾಪಾಡಿಕೊಂಡು ಬಂದ ರೈತರಿಗೆ ಇದು ನುಂಗಲಾರದ ತುತ್ತು.

ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ಆಗಲೇ ಬೀಜ ಮತ್ತು ಪೇಟೆಂಟುಗಳ ವಿರುದ್ಧ ಬೀದಿಗಿಳಿದಿತ್ತು. ಯುರೋಪಿನ ಪೇಟೆಂಟ್ ಕಚೇರಿ ಇರುವ ಮ್ಯೂನಿಕ್ಕಿನಲ್ಲಿ ಕಾನೂನು ಹೋರಾಟ ನಡೆಸಿದವರು ವಂದನಾ ಶಿವ, ಯುರೋಪಿನ ಸಂಸದೆ ಮಾಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚಿನಲ್ಲಿ ಮೇಲ್ಮನವಿಯೂ ಬಿತ್ತು. ಅಷ್ಟರಲ್ಲಿ ಅರಿಸಿನದ ಪ್ರಕರಣ ಮುಗಿದಿತ್ತು. ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಅಮೆರಿಕ ಹಕ್ಕು ಕೊಟ್ಟಿತ್ತು. ಆರ್.ಎ. ಮಶೇಲ್ಕರ್ ಮುಂದಾಳತ್ವದ ಸಿಎಸ್‌ಐಆರ್ ಹಳೆಯ ಸಂಸ್ಕೃತ, ಉರ್ದು ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಪ್ರಬಂಧವನ್ನೂ ಮುಂದಿಟ್ಟಿತು. 1997ರಲ್ಲಿ ಆ ಹಕ್ಕು ರದ್ದಾಯಿತು.

ಗೆದ್ದದ್ದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ಅಜ್ಜಿಗೆ ಗೊತ್ತು ಎಂದರೆ ಪೇಟೆಂಟ್ ಪರೀಕ್ಷಕನಿಗೆ ಸಾಲದು. ದಿನಾಂಕವಿರುವ ಬರಹ ಬೇಕು, ಅವನಿಗೆ ಓದಲು ಬರುವ ಭಾಷೆಯಲ್ಲಿ ಬೇಕು. 2001ರಲ್ಲಿ ಶುರುವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮಾಡಿದ್ದು ಇದನ್ನೇ. ಆಯುರ್ವೇದ, ಯುನಾನಿ, ಸಿದ್ಧ ವೈದ್ಯದ ಯೋಗಗಳನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ತಂದು ವಿದೇಶಿ ಪರೀಕ್ಷಕರ ಕೈಗೆಟುಕಿಸಿತು. ನಮ್ಮ ಕಾಯ್ದೆಯಲ್ಲೂ 3(ಪಿ) ಸೇರಿತು: ಪರಂಪರೆಯ ತಿಳಿವಳಿಕೆಗೆ ಪೇಟೆಂಟ್ ಇಲ್ಲ.

ಗಿಡದ ಸಾರದಿಂದ ಜೀವಿಗೇ ಬಂದರೆ ವಿಷಯ ಇನ್ನೂ ಬಿಸಿ. ಬಂಗಾಳದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಆನಂದ ಮೋಹನ ಚಕ್ರವರ್ತಿ, ಕಚ್ಚಾ ತೈಲವನ್ನು ಒಡೆದು ತಿನ್ನುವ ಬ್ಯಾಕ್ಟೀರಿಯಾ ರೂಪಿಸಿ ಹಕ್ಕು ಕೇಳಿದರು. ಜೀವಿಗೆ ಪೇಟೆಂಟ್ ಇಲ್ಲವೆಂದಿತು ಕಚೇರಿ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಚಕ್ರವರ್ತಿಯವರ ಪರ ತೀರ್ಪು ಕೊಟ್ಟಿತು. ಇವತ್ತಿನ ಬಯೋಟೆಕ್ ಉದ್ಯಮಕ್ಕೆ ಹಣ ಹರಿಯಲು ಆ ಒಂದು ಮತ ಬಹಳ ಮಟ್ಟಿಗೆ ಕಾರಣ. ಭಾರತದಲ್ಲಿ ಇಂಥ ಬಾಗಿಲು ತೆರೆದದ್ದು 2002ರ ಜನವರಿಯಲ್ಲಿ, ಕೋಳಿಗಳ ಕಾಯಿಲೆಗೆ ಜೀವಂತ ವೈರಸ್ಸಿನ ಲಸಿಕೆ ತಯಾರಿಸುವ ವಿಧಾನದ ಬಗ್ಗೆ ಕಲ್ಕತ್ತಾ ಹೈಕೋರ್ಟ್ ಕೊಟ್ಟ ಡಿಮಿನಾಕೊ ತೀರ್ಪಿನಿಂದ. ಈಗಿನ 3(ಜೆ) ಪ್ರಕಾರ ಗಿಡ, ಪ್ರಾಣಿ, ಅವುಗಳ ಯಾವುದೇ ಭಾಗ, ಬೀಜ, ತಳಿಗೆ ಹಕ್ಕಿಲ್ಲ. ಸೂಕ್ಷ್ಮಜೀವಿಗಳು ಇದಕ್ಕೆ ಹೊರತು.

ಬೆಂಗಳೂರಿನಲ್ಲಿ 1978ರಲ್ಲಿ ಕಿಣ್ವ ತಯಾರಿಸುತ್ತ ಶುರುವಾದ ಬಯೋಕಾನ್ ಈ ಹಾದಿಯ ಒಳ್ಳೆಯ ಉದಾಹರಣೆ. ಒದ್ದೆ ಧಾನ್ಯದಂಥ ಗಟ್ಟಿ ಪದಾರ್ಥದ ಮೇಲೆ ಬೂಷ್ಟು ಬೆಳೆಸಿ ಕಿಣ್ವ ಪಡೆಯುವುದು ಏಷ್ಯಾದ ಹಳೆಯ ವಿದ್ಯೆ. ಅದನ್ನು ಕಾರ್ಖಾನೆಯ ಅಳತೆಗೆ ತರುವಾಗ ಒಳಗಿನ ಶಾಖ ಹೊರಹಾಕುವುದೇ ತಲೆನೋವು, ಹೊರಗಿನ ಸೋಂಕು ಇನ್ನೊಂದು. ಈ ಎರಡನ್ನೂ ನಿಭಾಯಿಸುವಂತೆ ಕಂಪನಿ ಕಟ್ಟಿದ ಮುಚ್ಚಿದ ಯಂತ್ರ ಪ್ಲಾಫ್ರ್ಯಾಕ್ಟರ್‌ಗೆ 2001ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಬೂಷ್ಟಿಗಲ್ಲ, ಯಂತ್ರಕ್ಕೆ.

ಬೀಜದ ವಿಷಯ ಹೀಗೆ ಸಲೀಸಾಗಿ ಇತ್ಯರ್ಥವಾಗಲಿಲ್ಲ. ರಾಯಚೂರು, ಹಾವೇರಿಯ ಹೊಲಗಳಿಗೂ ಬಂದ ಬಿಟಿ ಹತ್ತಿಯ ಎರಡನೇ ಪೀಳಿಗೆಯ ಜೀನ್ ಮೇಲೆ ಮಾನ್ಸಾಂಟೊ 2008ರಲ್ಲಿ ಭಾರತೀಯ ಪೇಟೆಂಟ್ ಪಡೆಯಿತು. ಬೀಜ ಕಂಪನಿ ನುಜಿವೀಡು ಜೊತೆ ಹಣದ ತಕರಾರು ಬಂದಾಗ ದೆಹಲಿ ಹೈಕೋರ್ಟಿನ ದ್ವಿಸದಸ್ಯ ಪೀಠ 2018ರ ಏಪ್ರಿಲಿನಲ್ಲಿ ಆ ಪೇಟೆಂಟನ್ನೇ ಅಸಿಂಧು ಎಂದಿತು: ಜೀನ್ ಗಿಡದೊಳಗೆ ಸೇರಿದ ಮೇಲೆ ಅದು ಬೀಜ, ಬೀಜಕ್ಕೆ ಹಕ್ಕಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿಟ್ಟು, ಸಾಕ್ಷ್ಯ ಹಿಡಿದು ಪೂರ್ತಿ ವಿಚಾರಣೆಯಾಗಲಿ ಎಂದಿತು. ಕೊನೆಗೆ ಎರಡೂ ಕಡೆಯವರು ರಾಜಿಯಾದರು. ರೈತನ ಹೊಲದಲ್ಲಿ ಮೊಳೆಯುವ ಜೀನ್ ಯಾರದು ಎಂಬ ಪ್ರಶ್ನೆಗೆ ಆ ಮೊಕದ್ದಮೆಯಲ್ಲಿ ಕೊನೆಯ ಉತ್ತರ ಸಿಗಲೇ ಇಲ್ಲ. ದೇಶದ ಅರ್ಧಕ್ಕಿಂತ ಹೆಚ್ಚು ಹತ್ತಿ ಹೊಲಗಳನ್ನು ತಟ್ಟುವ ವಿಷಯ ಹೀಗೆ ತೀರ್ಪಿಲ್ಲದೆ ಉಳಿದದ್ದು ಒಳ್ಳೆಯದಾಗಲಿಲ್ಲ.

ಬ್ಯಾಂಕಿನ ಕಡೆ ಬಂದರೆ ಮೊದಲು ನೆನೆಯಬೇಕಾದ್ದು ಒಂದು ಕರಾವಳಿಯ ಉಪಾಯ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕು, ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಮುಂಗಟ್ಟಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತದವರ ಬಳಿಗೆ ಬ್ಯಾಂಕೇ ನಡೆದು ಹೋದ ಈ ಕ್ರಮವನ್ನು ದೇಶದ ಎಷ್ಟೋ ಬ್ಯಾಂಕುಗಳು, ಸಹಕಾರಿ ಸಂಘಗಳು ಅನುಸರಿಸಿದವು. ಇದಕ್ಕೆ ಪೇಟೆಂಟ್ ಇರಲಿಲ್ಲ, ಇವತ್ತು ಕೇಳಿದರೂ ಸಿಗದು. 3(ಕೆ) ಹೇಳುವಂತೆ ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಮ್ ಯಾವುದೂ ಆವಿಷ್ಕಾರವಲ್ಲ.

ಯಂತ್ರಕ್ಕೆ ಸಿಗುತ್ತದೆ. ಆದರೆ ಎಟಿಎಂ ಕಥೆಯಲ್ಲಿ ಎರಡು ದಾರಿ ಕಾಣುತ್ತವೆ. ಶಿಲ್ಲಾಂಗಿನಲ್ಲಿ 1925ರಲ್ಲಿ ಹುಟ್ಟಿದ ಜಾನ್ ಶೆಫರ್ಡ್-ಬ್ಯಾರನ್ ರೂಪಿಸಿದ ಹಣದ ಯಂತ್ರ 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನ ಬಾರ್ಕ್ಲೇಸ್ ಬ್ಯಾಂಕಿನ ಗೋಡೆಯಲ್ಲಿ ಕೆಲಸ ಶುರು ಮಾಡಿತು. ಅದಕ್ಕೆ ಪ್ಲಾಸ್ಟಿಕ್ ಕಾರ್ಡ್ ಬಳಸುತ್ತಿರಲಿಲ್ಲ. ಅಲ್ಪ ವಿಕಿರಣದ ಇಂಗಾಲ-14 ಲೇಪಿಸಿದ ಚೆಕ್ಕನ್ನು ಯಂತ್ರ ಗುರುತಿಸುತ್ತಿತ್ತು. ಶೆಫರ್ಡ್-ಬ್ಯಾರನ್ ಪೇಟೆಂಟಿಗೆ ಹೋಗಲಿಲ್ಲ. ಅರ್ಜಿ ಹಾಕಿದರೆ ಸಂಕೇತದ ಗುಟ್ಟನ್ನೆಲ್ಲ ಬರೆದುಕೊಡಬೇಕು, ಕಳ್ಳರು ಓದಿಕೊಳ್ಳುತ್ತಾರೆ ಎಂಬ ಭಯ. ಅತ್ತ ಸ್ಕಾಟ್ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೊ ತೂತು ಕೊರೆದ ಕಾರ್ಡು, ಅಂಕಿಯ ಗುಂಡಿಗಳು, ಕಾರ್ಡಿನ ಗುಟ್ಟಿಗೆ ತಾಳೆಯಾಗಬೇಕಾದ ಗ್ರಾಹಕನ ಸಂಖ್ಯೆ ಇವುಗಳನ್ನು ಒಂದಾಗಿಸಿ 1966ರ ಮೇ 2ರ ದಿನಾಂಕದ ಬ್ರಿಟಿಷ್ ಪೇಟೆಂಟ್ ಪಡೆದರು. ನಾವು ಇಂದು ‘ಪಿನ್ ನಂಬರ್’ ಎನ್ನುವುದರ ಮೂಲ ಇದು. ಗುಡ್‌ಫೆಲೊ ಸಂಬಳದ ನೌಕರ. ಪೇಟೆಂಟಿಗೆ ಸಹಿ ಹಾಕಿದ್ದಕ್ಕೆ ಅವರಿಗೆ ದಕ್ಕಿದ್ದು 10 ಪೌಂಡ್ ಎಂದು ಅವರೇ ಹೇಳಿಕೊಂಡಿದ್ದರು. ಜಗತ್ತಿನ ಜೇಬಿನಲ್ಲಿರುವ ನಾಲ್ಕಂಕಿಯ ಬೀಗ ಮಾಡಿದವನಿಗೆ 10 ಪೌಂಡ್!

ಚೆಕ್ಕಿನ ಚಿತ್ರದ ಮೇಲೂ ದೊಡ್ಡ ಜಗಳವಾಗಿದೆ. ಅಮೆರಿಕದಲ್ಲಿ 1998ರ ಸ್ಟೇಟ್ ಸ್ಟ್ರೀಟ್ ತೀರ್ಪು ಹಣಕಾಸಿನ ವಿಧಾನಗಳಿಗೆ ಪೇಟೆಂಟ್ ಬಾಗಿಲು ತೆರೆಯಿತು. ಮರುವರ್ಷವೇ ಚೆಕ್ಕುಗಳ ಚಿತ್ರ ತೆಗೆದು, ರವಾನಿಸಿ, ಕೂಡಿಡುವ ಏರ್ಪಾಡಿಗೆ ಹಕ್ಕು ಪಡೆದ ಡೇಟಾಟ್ರೆಷರಿ ಎಂಬ ಕಂಪನಿ ಬ್ಯಾಂಕುಗಳ ಮೇಲೆ ಸಾಲುಸಾಲು ದಾವೆ ಹೂಡಿ ಕೋಟಿಗಟ್ಟಲೆ ಡಾಲರ್ ಗಳಿಸಿತು. ಅದರ ಹಕ್ಕುಗಳು ನೆಲಕ್ಕೆ ಬಿದ್ದದ್ದು ತೀರ ತಡವಾಗಿ. 2014ರ ಆಲಿಸ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹಳೆಯ ಹಣಕಾಸು ಪದ್ಧತಿಯನ್ನು ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಆವಿಷ್ಕಾರವಾಗದು ಎಂದಿತು. ಭಾರತದಲ್ಲಿ ಚೆಕ್ಕಿನ ಬದಲು ಅದರ ಚಿತ್ರವನ್ನೇ ಕಳಿಸುವ ಸಿಟಿಎಸ್ ಪದ್ಧತಿ ಮೊದಲು ಬಂದದ್ದು ದೆಹಲಿ ಪ್ರದೇಶಕ್ಕೆ, 2008ರ ಫೆಬ್ರುವರಿ 1ರಂದು.  3(ಕೆ) ಗೋಡೆ ಇದ್ದದ್ದು ಇಲ್ಲಿಯ ಬ್ಯಾಂಕುಗಳಿಗೆ ಒಳ್ಳೆಯದೇ ಆಯಿತು.

ಗೋಡೆ ಅಂದರೆ ಪೂರ್ತಿ ಗೋಡೆಯಲ್ಲ. ಫೆರಿದ್ ಅಲ್ಲಾನಿ ಪ್ರಕರಣದಲ್ಲಿ 2019ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಕಾನೂನು ತಡೆಯುವುದು ‘ಬರಿಯ’ ಪ್ರೋಗ್ರಾಮನ್ನು, ತಾಂತ್ರಿಕ ಪರಿಣಾಮ ತೋರಿಸುವ ಆವಿಷ್ಕಾರವನ್ನು ಸಾಫ್ಟ್‌ವೇರ್ ಇದೆ ಎಂಬ ಕಾರಣಕ್ಕೇ ತಳ್ಳಬಾರದು ಎಂದಿತು. ಅಲ್ಲಾನಿಯವರ ಅರ್ಜಿ 2002ರದು. ಮಂಜೂರಾತಿಯ ಆದೇಶ ಬರುವಾಗ 2020. 20 ವರ್ಷದ ಅವಧಿ ಬಹುಪಾಲು ಕಳೆದೇ ಹೋಗಿತ್ತು. ಹಕ್ಕು ಕೊಡುವುದೂ ಬಿಡುವುದೂ ಬೇರೆ ಮಾತು, ಉತ್ತರ ಕೊಡಲು ಇಷ್ಟು ಕಾಲ ತೆಗೆದುಕೊಂಡರೆ ಸಣ್ಣ ಸಂಶೋಧಕ ಉಳಿಯುವುದಿಲ್ಲ.

ಕರೋಲ್ ಬಾಗಿನ ನಾಯಿವಾಲಾ ಗಲ್ಲಿಗಳಲ್ಲಿ ಬೈಕಿನ ಬಿಡಿಭಾಗ ಮಾರುವ ಅಂಗಡಿಗಳು ಒತ್ತೊತ್ತಾಗಿವೆ. ಗಲ್ಲಾದ ಮುಂದೆ ಕಪ್ಪು-ಬಿಳಿ ಚೌಕದ ಕ್ಯೂಆರ್ ಕೋಡ್. ಆ ಚೌಕ ಹುಟ್ಟಿದ್ದೂ ವಾಹನದ ಬಿಡಿಭಾಗಗಳನ್ನು ಲೆಕ್ಕ ಇಡುವುದಕ್ಕೇ. ಜಪಾನಿನ ಡೆನ್ಸೊದಲ್ಲಿ ಮಸಾಹಿರೊ ಹಾರ ಮತ್ತು ಸಂಗಡಿಗರು 1994ರಲ್ಲಿ ಇದನ್ನು ರೂಪಿಸಿದರು. ಮೂರು ಮೂಲೆಯ ದೊಡ್ಡ ಚೌಕಗಳು ಓದುವ ಯಂತ್ರಕ್ಕೆ ‘ಕೋಡ್ ಇಲ್ಲಿದೆ, ಹೀಗೆ ತಿರುಗಿದೆ’ ಎಂದು ಹೇಳುತ್ತವೆ. ಸ್ವಲ್ಪ ಭಾಗ ಮಸಿಯಾದರೂ, ಹರಿದರೂ ಉಳಿದದ್ದರಿಂದ ಮಾಹಿತಿ ತುಂಬಿಕೊಳ್ಳುತ್ತದೆ. ಕಂಪನಿ ಪೇಟೆಂಟ್ ಪಡೆಯಿತು, ಆದರೆ ಗೊತ್ತುಪಡಿಸಿದ ಮಾದರಿಯಂತೆ ಬಳಸುವ ಯಾರ ಮೇಲೂ ಹಕ್ಕು ಚಲಾಯಿಸುವುದಿಲ್ಲವೆಂದು ಸಾರಿತು. 2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮ ಯುಪಿಐ ತಂದಾಗ ತಳ್ಳುಗಾಡಿಯವರೂ ಕಾಗದದ ಮೇಲೆ ಅಚ್ಚು ಹಾಕಿಸಿದ ಚೌಕದಿಂದ ಹಣ ಪಡೆಯುವಂತಾದದ್ದರ ಹಿಂದೆ ಈ ನಿರ್ಧಾರವಿದೆ. 2023ರ ಆಗಸ್ಟಿನಲ್ಲಿ ಯುಪಿಐ ವಹಿವಾಟು ಒಂದೇ ತಿಂಗಳಿಗೆ 1,000 ಕೋಟಿ ದಾಟಿತು. ಪ್ರತಿ ಸ್ಕ್ಯಾನಿಗೆ ಒಂದು ಪೈಸೆ ಕೊಡಬೇಕೆಂದಿದ್ದರೂ ಈ ಲೆಕ್ಕ ಬೇರೆಯೇ ಇರುತ್ತಿತ್ತು.

ಔಷಧಕ್ಕೆ, ಲಸಿಕೆಗೆ ವರ್ಷಗಟ್ಟಲೆ ಹಣ ಸುರಿಯುವವರಿಗೆ ಪೇಟೆಂಟ್ ಇಲ್ಲದೆ ಧೈರ್ಯ ಬಾರದು. ಹಣ ದಾಟಿಸುವ ವ್ಯವಸ್ಥೆಯಾದರೋ ಎಲ್ಲರೂ ಒಂದೇ ಭಾಷೆ ಆಡಿದರೆ ಮಾತ್ರ ಬೆಳೆಯುತ್ತದೆ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯದ ನಮ್ಮ 3ನೇ ಸೆಕ್ಷನ್, ಎಷ್ಟೇ ತಕರಾರಿದ್ದರೂ, ಕಾಪಾಡಿಕೊಳ್ಳಬೇಕಾದ ಕಾನೂನು.

ಕರ್ನಾಟಕದಲ್ಲಿ ಹೊಸದೇನನ್ನಾದರೂ ಮಾಡಿರುವ ವಿದ್ಯಾರ್ಥಿ, ರೈತ, ಸಣ್ಣ ಉದ್ಯಮಿ ದೆಹಲಿ ಕಡೆ ನೋಡಬೇಕಿಲ್ಲ. ರಾಜ್ಯ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಯಲ್ಲಿದೆ, ಅರ್ಜಿಯನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಸಲ್ಲಿಸಬಹುದು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ವಿದ್ಯಾಸಂಸ್ಥೆಗಳಿಗೆ ಶುಲ್ಕ 1,600 ರೂಪಾಯಿ. ಕೆಲಸ ಪೂರ್ತಿಯಾಗದಿದ್ದರೆ ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಗಿಟ್ಟಿಸಿಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಲು ಅವಕಾಶವಿದೆ. ಪರೀಕ್ಷೆಗೆ ಬೇರೆ ಮನವಿ ಕೊಡಬೇಕು. 2024ರ ತಿದ್ದುಪಡಿಯ ನಂತರ ಅದಕ್ಕೆ 31 ತಿಂಗಳ ಗಡುವು. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಇಟ್ಟು, ಯೂಟ್ಯೂಬಿನಲ್ಲಿ ತೋರಿಸಿ, ಆಮೇಲೆ ಅರ್ಜಿ ಹಾಕಲು ಹೊರಡುವವರು ಬಹಳ. ಸಾರ್ವಜನಿಕರ ಮುಂದೆ ಬಂದದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ. ಸರ್ಕಾರ ಗೆಜೆಟ್‌ನಲ್ಲಿ ಗುರುತಿಸಿದ ಪ್ರದರ್ಶನದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ 12 ತಿಂಗಳ ವಿನಾಯಿತಿ ಉಂಟು. ಮೊದಲು ಅರ್ಜಿ, ಆಮೇಲೆ ಪ್ರದರ್ಶನ.